ಇಂಡಿಯಾ ಪೇಲ್ ಏಲ್: ಹೆಸರು ನಮ್ಮದು, ಕಹಿ ಯಾರದು?

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್‌ಗಳ ಬ್ರೂ-ಪಬ್‌ಗಳಲ್ಲಿ ಬಿಯರ್ ಪಟ್ಟಿಯನ್ನು ಕೈಗೆತ್ತಿಕೊಂಡರೆ ಮೂರಕ್ಷರದ ಹೆಸರೊಂದು ತಪ್ಪದೆ ಕಣ್ಣಿಗೆ ಬೀಳುತ್ತದೆ: ಐಪಿಎ. ಅದರ ಪೂರ್ಣನಾಮ ಇಂಡಿಯಾ ಪೇಲ್ ಏಲ್. ಮೊದಲ ಗುಟುಕಿಗೆ ಮುಖ ಕಿವುಚಿದವರಿಗೆ ಪಕ್ಕದಲ್ಲಿ ಕುಳಿತ ಗೆಳೆಯನೊಬ್ಬ ಕಥೆ ಹೇಳುವುದೂ ವಾಡಿಕೆ. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಬರುವಾಗ ಬಿಯರ್ ಹುಳಿಯಾಗುತ್ತಿತ್ತಂತೆ, ಹಾಡ್ಜ್‌ಸನ್ ಎಂಬ ಜಾಣ ಅದಕ್ಕೆ ಹೆಚ್ಚು ಹಾಪ್ ಸುರಿದು, ಮದ್ಯಸಾರ ಏರಿಸಿ ಹೊಸ ಬಿಯರ್ ಕಂಡುಹಿಡಿದನಂತೆ, ಬಾಯಾರಿದ ಸಿಪಾಯಿಗಳ ದಾಹ ತೀರಿತಂತೆ.

ಕಥೆ ಸೊಗಸಾಗಿದೆ. ಆದರೆ ಅದರಲ್ಲಿ ನಿಜದ ಪಾಲು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಈ ಕಥೆಯನ್ನು ನಂಬಿದವರು ಅಂಗಡಿಯಲ್ಲಿ ದುಬಾರಿ ಬೆಲೆ ತೆತ್ತು ಕೆಟ್ಟ ಬಾಟಲಿ ಕೊಳ್ಳುವ ಸಾಧ್ಯತೆ ಹೆಚ್ಚು. ಆರು ತಿಂಗಳು ಸಮುದ್ರದ ಮೇಲೆ ತೂಗಾಡಿಯೂ ಕೆಡದ ಬಿಯರ್ ಇದು ಎಂಬ ನಂಬಿಕೆಯೇ ಅದಕ್ಕೆ ಕಾರಣ. ಇಂದಿನ ಐಪಿಎ ಬಿಯರ್‌ಗಳಲ್ಲೆಲ್ಲ ಅತ್ಯಂತ ಬೇಗ ಸೊರಗುವ ಜಾತಿ.

ಹಾಡ್ಜ್‌ಸನ್ ಮಾಡಿದ್ದೇನು?

ಜಾರ್ಜ್ ಹಾಡ್ಜ್‌ಸನ್ 1752ರಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಬಿಯರ್ ಭಟ್ಟಿ ತೆರೆದಾತ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಗರು ಹಾಕುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ಆ ಹಡಗುಗಳ ಕಪ್ತಾನರಿಗೆ ಸ್ವಂತ ವ್ಯಾಪಾರಕ್ಕಾಗಿ ಒಂದಿಷ್ಟು ಸರಕು ಸಾಗಿಸುವ ಅವಕಾಶವಿತ್ತು. ಹ್ಯಾಮ್, ಚೀಸ್, ಗಾಜಿನ ಸಾಮಾನು, ಟೋಪಿಗಳ ಜೊತೆಗೆ ಅವರು ಬಿಯರ್ ಪೀಪಾಯಿಗಳನ್ನೂ ತುಂಬಿಕೊಂಡು ಕಲ್ಕತ್ತೆಯಲ್ಲಿ ಮಾರುತ್ತಿದ್ದರು. ಹಾಡ್ಜ್‌ಸನ್ ಅವರಿಗೆ ಹದಿನೆಂಟು ತಿಂಗಳವರೆಗೂ ಸಾಲ ಕೊಡುತ್ತಿದ್ದ. ಹೋಗಿ ಮಾರಿ, ಮರಳಿ ಬಂದು ಹಣ ಕೊಟ್ಟರೆ ಸಾಕಿತ್ತು. ಆತನ ಯಶಸ್ಸಿನ ಗುಟ್ಟು ಹಾಪ್‌ನಲ್ಲಿ ಇರಲಿಲ್ಲ, ಉದ್ರಿಯಲ್ಲಿತ್ತು. ನಮ್ಮ ಊರಿನ ಕಿರಾಣಿ ಶೆಟ್ಟರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ ಇತ್ತು. ದೀರ್ಘಕಾಲ ಇಡಬೇಕಾದ ಬಿಯರ್‌ಗೆ, ಬಿಸಿ ನಾಡಿಗೆ ಕಳುಹಿಸುವ ಬಿಯರ್‌ಗೆ ಹೆಚ್ಚು ಹಾಪ್ ಹಾಕಬೇಕೆಂಬುದೂ ಆಗಿನ ತಯಾರಕರಿಗೆಲ್ಲ ತಿಳಿದ ಸಂಗತಿಯೇ. 1784ರಲ್ಲೇ ಕಲ್ಕತ್ತೆಯ ಪತ್ರಿಕೆಯಲ್ಲಿ ಪೇಲ್ ಏಲ್ ಮಾರಾಟದ ಜಾಹೀರಾತು ಬಂದಿತ್ತು. ಇನ್ನು ಸಿಪಾಯಿಗಳ ಮಾತು: ಅವರು ಹೆಚ್ಚಾಗಿ ಕುಡಿಯುತ್ತಿದ್ದುದು ಪೋರ್ಟರ್ ಎಂಬ ಕಪ್ಪು ಬಿಯರನ್ನು. ಅದೂ ಅದೇ ಸಮುದ್ರವನ್ನು ದಾಟಿ ಸುಸ್ಥಿತಿಯಲ್ಲೇ ಬರುತ್ತಿತ್ತು. ಪೇಲ್ ಏಲ್ ಅಧಿಕಾರಿಗಳ, ದೊರೆಗಳ ಮೇಜಿನ ಪಾನೀಯವಾಗಿತ್ತು. ಅದರ ಮದ್ಯಸಾರವೂ ಶೇ. 6ರಿಂದ 6.5ರ ಸುಮಾರಿಗಿದ್ದು, ಅಂದಿನ ಇಂಗ್ಲಿಷ್ ಬಿಯರ್‌ಗಳ ನಡುವೆ ಅದನ್ನು ವಿಶೇಷ ಖಡಕ್ಕು ಎನ್ನುವಂತಿರಲಿಲ್ಲ. ಬ್ರಿಟನ್ನಿನ ಬಿಯರ್ ಇತಿಹಾಸಕಾರ ಮಾರ್ಟಿನ್ ಕಾರ್ನೆಲ್ ಹಳೆಯ ಪತ್ರಿಕೆಗಳನ್ನು ಜಾಲಾಡಿ ಈ ದಂತಕಥೆಯ ಎಳೆಗಳನ್ನು ಒಂದೊಂದಾಗಿ ಬಿಡಿಸಿಟ್ಟಿದ್ದಾರೆ.

ಪ್ರಯಾಣ ಮಾತ್ರ ಒಂದು ಚಮತ್ಕಾರ ಮಾಡಿತು. ಆಫ್ರಿಕಾದ ತುದಿಯನ್ನು ಬಳಸಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ ಬರುವಷ್ಟರಲ್ಲಿ ನಾಲ್ಕರಿಂದ ಆರು ತಿಂಗಳು ಕಳೆಯುತ್ತಿದ್ದವು. ಸೆಕೆ ಮತ್ತು ಕುಲುಕಾಟದಲ್ಲಿ ಬಿಯರ್ ಪೀಪಾಯಿಯೊಳಗೇ ಮಾಗುತ್ತಿತ್ತು. ಹಸಿ ಕಹಿ ಇಳಿದು, ಉಳಿದ ಸಕ್ಕರೆಯನ್ನು ನಿಧಾನಗತಿಯ ಯೀಸ್ಟ್ ತಿಂದು ಮುಗಿಸಿ, ಬಿಯರ್ ತಿಳಿಯಾಗಿ ನೊರೆನೊರೆಯಾಗುತ್ತಿತ್ತು. ಇಂಗ್ಲಿಷ್ ಹಳೆ ಏಲ್‌ಗಳಲ್ಲಿ ಇರುತ್ತಿದ್ದ ಈ ಯೀಸ್ಟನ್ನು 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಗುರುತಿಸಿ ‘ಬ್ರೆಟನೊಮೈಸಿಸ್’ ಎಂದು ಹೆಸರಿಟ್ಟ. ಎಂದರೆ ಕಲ್ಕತ್ತೆಯ ದೊರೆಗಳು ಮೆಚ್ಚಿ ಕುಡಿದದ್ದು ಹಾಪ್‌ನ ತಾಜಾ ಘಮವನ್ನಲ್ಲ, ಮಾಗಿದ ಹಳೆ ರುಚಿಯನ್ನು. ಇಂದು ಐಪಿಎ ಎಂಬ ಹೆಸರಿನಲ್ಲಿ ನಾವು ಹುಡುಕುವುದು ಅದಕ್ಕೆ ತೀರಾ ವಿರುದ್ಧವಾದುದನ್ನು.

ಹಾಡ್ಜ್‌ಸನ್ ಮನೆತನದ ಮುಂದಿನ ತಲೆಮಾರು ದುರಾಸೆಗೆ ಬಿದ್ದಿತು. ಬೆಲೆ ಏರಿಸಿ, ಉದ್ರಿ ನಿಲ್ಲಿಸಿ, ತಾವೇ ಹಡಗಿನಲ್ಲಿ ಕಳುಹಿಸಿ ಮಾರತೊಡಗಿದರು. ಕಂಪನಿಯ ನಿರ್ದೇಶಕ ಕ್ಯಾಂಪ್‌ಬೆಲ್ ಮಾರ್ಜೊರಿಬ್ಯಾಂಕ್ಸ್ 1822ರಲ್ಲಿ ಬರ್ಟನ್-ಅಪಾನ್-ಟ್ರೆಂಟ್ ಪಟ್ಟಣದ ಸ್ಯಾಮ್ಯುಯೆಲ್ ಆಲ್ಸಪ್‌ನನ್ನು ಕರೆದು, ಇಂಥ ಬಿಯರ್ ನೀವೂ ಮಾಡಬಹುದೇ ಎಂದು ಕೇಳಿದ. ರಷ್ಯಾದ ಸುಂಕದಿಂದಾಗಿ ಬಾಲ್ಟಿಕ್ ವ್ಯಾಪಾರ ಕಳೆದುಕೊಂಡಿದ್ದ ಬರ್ಟನ್ನಿನವರಿಗೆ ಅದು ದೇವರು ಕೊಟ್ಟ ಅವಕಾಶ. ಆಲ್ಸಪ್‌ನ ಕೆಲಸಗಾರ ಮೊದಲ ಮಾದರಿಯನ್ನು ಚಹಾ ಕುಡಿಕೆಯಲ್ಲಿ ತಯಾರಿಸಿದ ಎಂಬ ಐತಿಹ್ಯವಿದೆ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಂ ಹೇರಳ. ಅದು ಹಾಪ್‌ನ ಕಹಿಯನ್ನು ಚೊಕ್ಕಟವಾಗಿ, ಗರಿಗರಿಯಾಗಿ ತೋರಿಸುತ್ತದೆ. ಲಂಡನ್ನಿನ ನೀರಿಗೆ ಆ ಗುಣವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆಲ್ಸಪ್ ಮತ್ತು ಬಾಸ್ ಕಂಪನಿಗಳು ಹಾಡ್ಜ್‌ಸನ್‌ನನ್ನು ಹಿಂದಿಕ್ಕಿದವು. ಇಂದು ಜಗತ್ತಿನ ಯಾವ ಮೂಲೆಯ ತಯಾರಕನಾದರೂ ತನ್ನ ನೀರಿಗೆ ಜಿಪ್ಸಂ ಬೆರೆಸಿ ಬರ್ಟನ್ನಿನ ಗುಣ ತರಬಲ್ಲ.

ಅಂದಹಾಗೆ, ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಮುದ್ರಣದಲ್ಲಿ ಮೊದಲು ಕಾಣಿಸುವುದು ಭಾರತದಲ್ಲೂ ಅಲ್ಲ, ಇಂಗ್ಲೆಂಡಿನಲ್ಲೂ ಅಲ್ಲ. ತಿಳಿದಿರುವ ಮಟ್ಟಿಗೆ ಅದು 1829ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಪತ್ರಿಕೆಯೊಂದರ ಜಾಹೀರಾತು. ನಮ್ಮ ಹೆಸರಿಟ್ಟು ಮಾರಿದವರು ಬೇರೆ, ಕೊಂಡವರು ಬೇರೆ.

ಕಹಿಯ ಕಾರ್ಯಕಾರಣ

ಹಾಪ್ ಎಂಬುದು ಬಳ್ಳಿ. ಸಸ್ಯಶಾಸ್ತ್ರದ ಪ್ರಕಾರ ಭಂಗಿಸೊಪ್ಪಿನ ಕುಟುಂಬಕ್ಕೇ ಸೇರಿದ ದಾಯಾದಿ, ಆದರೆ ಆ ಬಗೆಯ ಅಮಲು ಇದರಲ್ಲಿಲ್ಲ. ಹೆಣ್ಣುಬಳ್ಳಿಯ ಹೂಗೊಂಚಲಿನ ಬುಡದಲ್ಲಿ ಹಳದಿ ಪುಡಿಯಂಥ ಲುಪುಲಿನ್ ಗ್ರಂಥಿಗಳಿರುತ್ತವೆ. ಬಿಯರ್‌ಗೆ ಬೇಕಾದದ್ದೆಲ್ಲ ಅಲ್ಲಿದೆ. ಒಂದು, ಆಲ್ಫಾ ಆಮ್ಲಗಳು. ಇನ್ನೊಂದು, ಸುಗಂಧ ತೈಲಗಳು. ಇವೆರಡರ ಸ್ವಭಾವ ಒಂದಕ್ಕೊಂದು ವಿರುದ್ಧ ಎಂಬುದನ್ನು ತಿಳಿದರೆ ಐಪಿಎ ಅರ್ಧ ಅರ್ಥವಾದಂತೆ.

ಆಲ್ಫಾ ಆಮ್ಲಗಳು ಹಾಗೆಯೇ ಇದ್ದರೆ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಹೆಚ್ಚು ಕಹಿಯೂ ಇಲ್ಲ. ಮಾಲ್ಟ್ ರಸದಲ್ಲಿ ಒಂದು ಗಂಟೆ ಕುದಿಸಿದಾಗ ಅವು ರೂಪ ಬದಲಿಸಿ ಐಸೊ-ಆಲ್ಫಾ ಆಮ್ಲಗಳಾಗುತ್ತವೆ. ಕಹಿ ಅಲ್ಲಿಂದ. ಬಿಯರನ್ನು ಹುಳಿ ಮಾಡುವ ಹಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿಯೂ ಅದರದೇ. ತೈಲಗಳದ್ದು ಬೇರೆಯೇ ದಾರಿ. ಕುದಿಸಿದಷ್ಟೂ ಅವು ಆವಿಯಾಗಿ ಹಾರಿಹೋಗುತ್ತವೆ. ಸಾರು ಮಾಡುವವರು ಮೆಣಸನ್ನು ಮೊದಲೇ ಕುದಿಸಿ, ಕೊತ್ತಂಬರಿ ಸೊಪ್ಪನ್ನು ಒಲೆಯಾರಿಸುವ ಹೊತ್ತಿಗೆ ಹಾಕುತ್ತಾರಲ್ಲ, ಇಲ್ಲಿಯೂ ಅದೇ ನ್ಯಾಯ. ಕಹಿಗೆ ಬೇಕಾದ ಹಾಪ್ ಮೊದಲು, ಘಮಕ್ಕೆ ಬೇಕಾದದ್ದು ಕೊನೆಗೆ. ಹುದುಗು ಮುಗಿಯುತ್ತ ಬಂದ ತಣ್ಣನೆಯ ಬಿಯರ್‌ಗೆ ಹಸಿ ಹಾಪನ್ನೇ ಸುರಿದು ಕೆಲವು ದಿನ ನೆನೆಸಿಡುವುದನ್ನು ಡ್ರೈ ಹಾಪಿಂಗ್ ಎನ್ನುತ್ತಾರೆ.

ಕಹಿಯನ್ನು ಅಳೆಯಲು ಐಬಿಯು ಎಂಬ ಮಾನವಿದೆ. ಒಂದು ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲವಿದ್ದರೆ ಒಂದು ಐಬಿಯು. ಸಾಧಾರಣ ಲಾಗರ್‌ಗಳಲ್ಲಿ ಇದು 10ರ ಆಸುಪಾಸು, ಅಮೆರಿಕನ್ ಐಪಿಎಗಳಲ್ಲಿ 40ರಿಂದ 70. ಆದರೆ ಅಂಕಿಯನ್ನೇ ನೋಡಿ ಹೆದರುವುದಾಗಲಿ ಮೆರೆಯುವುದಾಗಲಿ ಸಲ್ಲ. ಮಾಲ್ಟಿನ ಸಿಹಿ ಹೆಚ್ಚಿದ್ದರೆ 60 ಐಬಿಯು ಕೂಡ ಮೃದುವಾಗಿ ತೋರುತ್ತದೆ, ಒಣಗಿದ ಬಿಯರಿನಲ್ಲಿ 40 ಕೂಡ ನಾಲಿಗೆಗೆ ಕಡಿಯುತ್ತದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವ ನಾಡಿನವರಿಗೆ ಈ ಲೆಕ್ಕ ಹೊಸದಲ್ಲ.

ಅಮೆರಿಕದಲ್ಲಿ ಮರುಹುಟ್ಟು

ಇಪ್ಪತ್ತನೆಯ ಶತಮಾನದಲ್ಲಿ ಐಪಿಎ ತನ್ನ ತವರಿನಲ್ಲೇ ಬಡವಾಯಿತು. ತೆರಿಗೆ, ಯುದ್ಧಕಾಲದ ಧಾನ್ಯದ ಕೊರತೆ, ಲಾಗರ್‌ನ ಪೈಪೋಟಿ ಎಲ್ಲ ಸೇರಿ ಇಂಗ್ಲೆಂಡಿನಲ್ಲಿ ಆ ಹೆಸರು ಹೊತ್ತ ಬಿಯರ್‌ಗಳು ತೆಳುವಾದವು. ಗ್ರೀನ್ ಕಿಂಗ್ ಕಂಪನಿಯ ಐಪಿಎಯಲ್ಲಿ ಮದ್ಯಸಾರ ಶೇ. 4ಕ್ಕಿಂತಲೂ ಕಡಿಮೆ.

ಮರುಹುಟ್ಟಿಗೆ ಕಾರಣ ಒಂದು ಹಾಪ್ ತಳಿ. ಅಮೆರಿಕದ ಕೃಷಿ ಇಲಾಖೆಯ ಆರೆಗಾನ್ ರಾಜ್ಯದ ಸಂಶೋಧನಾ ಕಾರ್ಯಕ್ರಮದಿಂದ 1972ರಲ್ಲಿ ‘ಕ್ಯಾಸ್ಕೇಡ್’ ಹೊರಬಂತು. ಯುರೋಪಿನ ಹಾಪ್‌ಗಳು ಹುಲ್ಲು, ಮಣ್ಣು, ಮಸಾಲೆಯ ಘಮ ಬೀರಿದರೆ ಇದು ಚಕ್ಕೋತದ ಸಿಪ್ಪೆಯ ಘಮ ಬೀರಿತು. ದೇವನಹಳ್ಳಿ ಚಕ್ಕೋತವನ್ನು ಸುಲಿದ ಕೈಯನ್ನು ಮೂಸಿ ನೋಡಿದವರಿಗೆ ಈ ಹೋಲಿಕೆ ಕೂಡಲೇ ಗೊತ್ತಾಗುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ 1975ರಲ್ಲಿ ಈ ಹಾಪ್‌ನಿಂದ ‘ಲಿಬರ್ಟಿ ಏಲ್’ ತಯಾರಿಸಿತು (ಆ ಬ್ರೂವರಿ 2023ರಲ್ಲಿ ಬಾಗಿಲು ಹಾಕಿತು). ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣದಲ್ಲಿ ಕೆನ್ ಗ್ರಾಸ್‌ಮನ್ 1980ರಲ್ಲಿ ‘ಸಿಯೆರಾ ನೆವಾಡಾ ಪೇಲ್ ಏಲ್’ ಆರಂಭಿಸಿದರು. ಅಲ್ಲಿಂದ ಮುಂದೆ ಕಹಿಯ ಪೈಪೋಟಿಯೇ ನಡೆಯಿತು. ವಿನ್ನಿ ಸಿಲುರ್ಜೊ 1994ರಲ್ಲಿ ಇಮ್ಮಡಿ ಹಾಪ್‌ನ ಡಬಲ್ ಐಪಿಎ ಮಾಡಿದರು. ನಂತರ ಸೇರಿಕೊಂಡ ರಷ್ಯನ್ ರಿವರ್ ಬ್ರೂವರಿಯಲ್ಲಿ ಅವರು ಮಾಡಿದ ‘ಪ್ಲಿನಿ ದಿ ಎಲ್ಡರ್’ ಆ ಬಗೆಯ ಮಾದರಿಯೇ ಆಯಿತು. ಹಾಪ್ ಬಳ್ಳಿಯನ್ನು ಹೆಸರಿಸಿದವನೆಂದು ಖ್ಯಾತನಾದ ರೋಮನ್ ಪಂಡಿತನ ಹೆಸರು ಅದು.

ಪಶ್ಚಿಮ ಕರಾವಳಿಯ ಐಪಿಎ ತಿಳಿಯಾಗಿ, ಒಣಗಿ, ಕಡುಕಹಿಯಾಗಿದ್ದರೆ ಪೂರ್ವದ ವರ್ಮಾಂಟ್ ರಾಜ್ಯದ ‘ಹೆಡಿ ಟಾಪರ್’ ಅದಕ್ಕೆ ಎದುರು ದಾರಿ ಹಿಡಿಯಿತು. ಬಣ್ಣ ಮಬ್ಬು, ಮೈ ಮೃದು, ಕಹಿ ಕಡಿಮೆ, ಹಣ್ಣಿನ ಘಮ ವಿಪರೀತ. ಓಟ್ಸ್ ಮತ್ತು ಗೋಧಿ ಸೇರಿಸಿ, ಕುದಿಯುವ ಹಂತದಲ್ಲಿ ಹಾಪ್ ಕಡಿಮೆ ಮಾಡಿ, ತಣ್ಣನೆಯ ಹಂತದಲ್ಲಿ ಹೇರಳವಾಗಿ ಸುರಿಯುವುದು ಇದರ ಕ್ರಮ. ‘ಹೇಜಿ’ ಅಥವಾ ನ್ಯೂ ಇಂಗ್ಲೆಂಡ್ ಐಪಿಎ ಎಂದು ಇದಕ್ಕೆ ಹೆಸರು. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ 2018ರಲ್ಲಿ ಇದನ್ನು ಪ್ರತ್ಯೇಕ ಶೈಲಿಯೆಂದು ಒಪ್ಪಿತು. ಕಪ್ಪು ಐಪಿಎ, ಬ್ರೂಟ್ ಐಪಿಎ ಇತ್ಯಾದಿ ಇನ್ನೂ ಹಲವು ಇವೆ, ಅವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ.

ಯಾವುದನ್ನು ಆರಿಸಬೇಕು?

ಹಾಪ್‌ನ ರುಚಿಗೆ ಹೊಸಬರಾದವರು ನೇರವಾಗಿ ಡಬಲ್ ಐಪಿಎಗೆ ಕೈಹಾಕುವುದು ಪ್ರಮಾದ. ಮೊದಲು ಅಮೆರಿಕನ್ ಪೇಲ್ ಏಲ್ ಒಳ್ಳೆಯದು. ಸಿಯೆರಾ ನೆವಾಡಾ ಇಂದಿಗೂ ಅದರ ಅಳತೆಗೋಲು. ಶೇ. 5.6 ಮದ್ಯಸಾರ, 38 ಐಬಿಯು, ಮಾಲ್ಟ್ ಮತ್ತು ಹಾಪ್ ಎರಡೂ ತೂಕಕ್ಕೆ ತೂಕ. ಅದು ಒಗ್ಗಿದರೆ ಮಿಷಿಗನ್ನಿನ ಬೆಲ್ಸ್ ಬ್ರೂವರಿಯ ‘ಟೂ ಹಾರ್ಟೆಡ್’. ಸೆಂಟೆನಿಯಲ್ ಎಂಬ ಒಂದೇ ಹಾಪ್‌ನಿಂದ ಮಾಡಿದ ಈ ಬಿಯರನ್ನು ಕುಡಿದರೆ ಒಂದು ತಳಿಯ ದನಿ ಹೇಗಿರುತ್ತದೆಂದು ತಿಳಿಯುತ್ತದೆ. ನನ್ನ ಮಟ್ಟಿಗೆ ಐಪಿಎಯ ಪಾಠ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗದು. ಹಗುರವಾದದ್ದು ಬೇಕೆಂದರೆ ಅದೇ ರಾಜ್ಯದ ಫೌಂಡರ್ಸ್‌ನ ‘ಆಲ್ ಡೇ ಐಪಿಎ’, ಶೇ. 4.7.

ಇಂಗ್ಲಿಷ್ ಕಡೆಯಿಂದ ಥಾರ್ನ್‌ಬ್ರಿಜ್‌ನ ‘ಜೈಪುರ’ವನ್ನು ಹೆಸರಿಸಲೇಬೇಕು. ಡರ್ಬಿಶೈರಿನಲ್ಲಿ 2005ರಿಂದ ತಯಾರಾಗುತ್ತಿರುವ ಇದು ಶೇ. 5.9ರ ಬಿಯರ್. ಹೆಸರು ರಾಜಸ್ಥಾನದ್ದು, ಹಾಪ್ ಅಮೆರಿಕದ್ದು, ಬ್ರೂವರಿ ಇಂಗ್ಲೆಂಡಿನದು. ಸ್ಕಾಟ್ಲೆಂಡಿನ ಬ್ರೂಡಾಗ್‌ನ ‘ಪಂಕ್ ಐಪಿಎ’ಗಿಂತ ಇದೇ ಹೆಚ್ಚು ಸಮತೂಕದ್ದೆಂಬುದು ನನ್ನ ಅಭಿಪ್ರಾಯ. ಹಾಪ್ ತಳಿಗಳ ಹೆಸರನ್ನು ಲೇಬಲ್ಲಿನಲ್ಲಿ ಓದುವುದನ್ನು ರೂಢಿಸಿಕೊಂಡರೆ ಬ್ರ್ಯಾಂಡಿನ ಗೊಡವೆಯೇ ಕಡಿಮೆಯಾಗುತ್ತದೆ. ಸಿಟ್ರಾ ಎಂದರೆ ಮಾವು, ಲಿಚಿ. ಸಿಮ್ಕೋ ಎಂದರೆ ದೇವದಾರಿನ ಅಂಟು. ನ್ಯೂಜಿಲೆಂಡಿನ ನೆಲ್ಸನ್ ಸೊವಿನ್ ಎಂದರೆ ಬಿಳಿ ದ್ರಾಕ್ಷಿ.

ಊಟದ ಜೊತೆ? ಖಾರದ ಭಾರತೀಯ ಅಡುಗೆಗೆ ಐಪಿಎ ಹೇಳಿಮಾಡಿಸಿದ ಜೋಡಿ ಎಂದು ವಿದೇಶಿ ಬರಹಗಾರರು ಬರೆಯುವುದುಂಟು. ಕಹಿ ಮತ್ತು ಮದ್ಯಸಾರ ಎರಡೂ ಮೆಣಸಿನ ಉರಿಯನ್ನು ಏರಿಸುತ್ತವೆ. ಆಂಧ್ರ ಶೈಲಿಯ ಕೋಳಿ ಹುರಿದದ್ದರ ಜೊತೆ ಕುಡಿದು ನೋಡಿದರೆ ಅವರ ಮಾತಿನ ಬೆಲೆ ತಿಳಿಯುತ್ತದೆ. ಕರಿದ ಬಂಗುಡೆ, ಈರುಳ್ಳಿ ಪಕೋಡದಂಥ ಜಿಡ್ಡಿನ, ಉಪ್ಪಿನ ತಿನಿಸು ವಾಸಿ.

ದಿನಾಂಕ ನೋಡಿ

ಈಗ ಮುಖ್ಯ ಮಾತಿಗೆ ಬರೋಣ. ಹಾಪ್‌ನ ಸುಗಂಧ ತೈಲಗಳು ಆಮ್ಲಜನಕ ಮತ್ತು ಶಾಖಕ್ಕೆ ಬಲು ಬೇಗ ಬಲಿಯಾಗುತ್ತವೆ. ಮೊದಲು ಮಾವು-ಚಕ್ಕೋತ ಮಾಯವಾಗುತ್ತದೆ, ಆಮೇಲೆ ಜೇನಿನಂಥ ಮಬ್ಬು ಸಿಹಿ, ಕೊನೆಗೆ ಒದ್ದೆ ರಟ್ಟಿನ ವಾಸನೆ. ಬಿಯರ್ ಉದ್ಯಮದಲ್ಲಿ ಸ್ಥೂಲವಾದೊಂದು ಲೆಕ್ಕವಿದೆ: ಸುಮಾರು 3 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 300 ದಿನ ಇಟ್ಟರೆ ಆಗುವಷ್ಟು ಹಾನಿ 22 ಡಿಗ್ರಿಯಲ್ಲಿ 30 ದಿನಕ್ಕೆ, 32 ಡಿಗ್ರಿಯಲ್ಲಿ ಮೂರೇ ದಿನಕ್ಕೆ ಆಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬಂದರಿನ ಗೋದಾಮಿನಲ್ಲಿ, ಲಾರಿಯಲ್ಲಿ, ಅಂಗಡಿಯ ಅಟ್ಟದ ಮೇಲೆ ಕಾದು ಬಂದ ಆಮದು ಬಾಟಲಿಯ ಗತಿಯನ್ನು ಓದುಗರೇ ಊಹಿಸಬಹುದು. ಆಮದು ಸುಂಕ, ಅಬಕಾರಿ ಸುಂಕ ಸೇರಿ ಅದರ ಬೆಲೆ ಸ್ಥಳೀಯ ಬಿಯರಿನ ಹಲವು ಪಟ್ಟು.

ಅಮೆರಿಕದ ತಯಾರಕರೇ ಇದನ್ನು ಲೇಬಲ್ಲಿನಲ್ಲಿ ಸಾರುತ್ತಾರೆ. ಪ್ಲಿನಿಯ ಬಾಟಲಿಯ ಮೇಲೆ ತಂಪಾಗಿಡಿ, ತಾಜಾ ಕುಡಿಯಿರಿ, ಕೂಡಿಡಬೇಡಿ ಎಂಬ ಸೂಚನೆಯಿದೆ. ಸ್ಟೋನ್ ಬ್ರೂವರಿ 2012ರಲ್ಲಿ ಕುಡಿದು ಮುಗಿಸಬೇಕಾದ ದಿನಾಂಕವನ್ನೇ ಹೆಸರಾಗಿಟ್ಟು ಒಂದು ಐಪಿಎ ತಂದಿತು. ಅದಕ್ಕೆ ಕೊಟ್ಟ ಆಯುಸ್ಸು 37 ದಿನ. ಕೊಳ್ಳುವವರು ‘ಇಷ್ಟರೊಳಗೆ ಬಳಸಿ’ ಎಂಬ ದಿನಾಂಕವನ್ನಲ್ಲ, ತುಂಬಿದ ದಿನಾಂಕವನ್ನು ನೋಡಬೇಕು. ಮೂರು ತಿಂಗಳು ದಾಟಿದ್ದರೆ ಕೈಬಿಡುವುದು ಕ್ಷೇಮ, ಹೇಜಿ ಆದರೆ ಇನ್ನೂ ಬೇಗ. ಬೆಳಕು ಬಿದ್ದರೆ ಐಸೊ-ಆಲ್ಫಾ ಆಮ್ಲ ಒಡೆದು ಗಂಧಕದ ದುರ್ವಾಸನೆ ಹುಟ್ಟುವುದರಿಂದ ಹಸಿರು, ಬಿಳಿ ಬಾಟಲಿಗಳಿಗಿಂತ ಕಂದು ಬಾಟಲಿ ಮೇಲು. ಕ್ಯಾನ್ ಅದಕ್ಕಿಂತಲೂ ಮೇಲು.

ಹಳೆಯ ಐಪಿಎಯ ರುಚಿ ಹೇಗಿತ್ತೆಂಬ ಕುತೂಹಲಕ್ಕೆ ಬ್ರಿಟಿಷ್ ಲೇಖಕ ಪೀಟ್ ಬ್ರೌನ್ 2007ರಲ್ಲಿ ಬರ್ಟನ್ನಿನಲ್ಲಿ ತಯಾರಿಸಿದ ಬಿಯರನ್ನು ಸಮುದ್ರ ಮಾರ್ಗವಾಗಿ, ಆಫ್ರಿಕಾದ ತುದಿ ಬಳಸಿ ಕೋಲ್ಕತಕ್ಕೆ ತಂದರು. ಆ ಪ್ರಯಾಣ 2009ರಲ್ಲಿ ಪುಸ್ತಕವಾಗಿಯೂ ಬಂತು. ಅದು ಪ್ರಯಾಣಕ್ಕೆಂದೇ ಮಾಡಿದ ಬಿಯರ್. ಅಂಗಡಿಯ ಬಾಟಲಿಗೆ ಅದೇ ನ್ಯಾಯ ಅನ್ವಯಿಸದು.

ಹೀಗಾಗಿ ಬೆಂಗಳೂರಿನವರ ಅನುಕೂಲ ದೊಡ್ಡದು. ಕರ್ನಾಟಕದಲ್ಲಿ ಕಿರು ಬ್ರೂವರಿಗಳಿಗೆ 2010ರ ಸುಮಾರಿಗೆ ದಾರಿ ತೆರೆದ ಮೇಲೆ 2010–12ರ ನಡುವೆ ಟಾಯ್ಟ್, ಬಿಯರ್ ಕ್ಲಬ್, ಆರ್ಬರ್, ವಿಂಡ್‌ಮಿಲ್ಸ್ ಒಂದರ ಹಿಂದೊಂದು ತಲೆಯೆತ್ತಿದವು. ಮಿಷಿಗನ್ನಿನ ಮೂಲದ ಹೆಸರು ಹೊತ್ತ ಆರ್ಬರ್‌ನ ‘ರೇಜಿಂಗ್ ಎಲಿಫೆಂಟ್’ ಈ ನಗರದ ಅನೇಕರಿಗೆ ಮೊದಲ ಐಪಿಎ ಆಯಿತು. ಗೈಸ್ಟ್‌ನವರು ಸಿಟ್ರಾ ಹಾಪ್‌ನ ಹೆಸರನ್ನೇ ಶ್ಲೇಷೆಯಾಗಿಸಿ ‘ಕಾಮಚಿತ್ರ’ ಎಂದಿಟ್ಟರು. ತೊಟ್ಟಿಯಿಂದ ಗ್ಲಾಸಿಗೆ ಕೆಲವೇ ಅಡಿ ದೂರದಲ್ಲಿ ಸಿಗುವ ಸಾಧಾರಣ ಐಪಿಎ ಕೂಡ ಎಂಟು ತಿಂಗಳು ಅಲೆದು ಬಂದ ಹೆಸರಾಂತ ಬಾಟಲಿಗಿಂತ ರುಚಿಯಾಗಿರುತ್ತದೆ. ಯಾವತ್ತು ತೊಟ್ಟಿಗೆ ಬಂದದ್ದು ಎಂದು ಕೇಳಲು ಸಂಕೋಚ ಬೇಡ. ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ಒಳಗೆ ಕೇಳಿ ಬರುತ್ತಾರೆ.

ಒಂದು ಎಚ್ಚರ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬುದು ಬಾಟಲಿಯ ಮೇಲಿನ ಔಪಚಾರಿಕ ವಾಕ್ಯ ಮಾತ್ರವಲ್ಲ. ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಿಯರ್ ತಾನೇ ಎಂಬ ಉದಾಸೀನ ಐಪಿಎ ವಿಷಯದಲ್ಲಂತೂ ಸಲ್ಲದು. ಶೇ. 7ರ ಅರ್ಧ ಲೀಟರ್ ಐಪಿಎಯಲ್ಲಿರುವ ಮದ್ಯಸಾರ 30 ಮಿಲಿಲೀಟರಿನ ಎರಡೂಮುಕ್ಕಾಲು ಪೆಗ್ ವಿಸ್ಕಿಗೆ ಸಮ. ವಾಹನ ಚಾಲಕರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಆ ಒಂದೇ ಗ್ಲಾಸು ಸಾಧಾರಣ ಮೈಕಟ್ಟಿನವರನ್ನೂ ಮಿತಿ ದಾಟಿಸುವ ಸಂಭವವೇ ಹೆಚ್ಚು. ಭಾರತದ ಆಹಾರ ಮಾನದಂಡ ಬಿಯರಿಗೆ ಶೇ. 8ರ ಮೇಲ್ಮಿತಿ ಹಾಕಿರುವುದರಿಂದ ಅಮೆರಿಕದ ಶೇ. 9–10ರ ಡಬಲ್ ಐಪಿಎಗಳು ಇಲ್ಲಿ ತಯಾರಾಗುವಂತಿಲ್ಲ. ಅದೇನೂ ನಷ್ಟವೆಂದು ತೋರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಈ ಬಿಯರಿನಲ್ಲಿ ಇಂಡಿಯಾದ್ದೇನು ಎಂಬ ಪ್ರಶ್ನೆ ಉಳಿಯುತ್ತದೆ. ಹಾಪ್ ಬಳ್ಳಿ ಚೆನ್ನಾಗಿ ಬೆಳೆದು ಹೂ ಬಿಡಬೇಕಾದರೆ ಬೇಸಿಗೆಯ ಹಗಲು ದೀರ್ಘವಾಗಿರಬೇಕು. ದಕ್ಷಿಣದಲ್ಲಿ ಅದು ಕಷ್ಟ. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ರೈತರು ದಶಕಗಳಿಂದ ಹಾಪ್ ಬೆಳೆಯುತ್ತಿದ್ದಾರೆ. ಆದರೆ ಅಲ್ಲಿಯ ತಳಿಗಳು ಬಹುಪಾಲು ಕಹಿಗೆ ಬಳಸುವಂಥವು. ಬಟಾಣಿ, ಹೂಕೋಸುಗಳ ಲಾಭದೆದುರು ಅದು ಸಣ್ಣ ಬೆಳೆಯಾಗಿಯೇ ಉಳಿದಿದೆ. ಘಮದ ಹಾಪ್ ಇಂದಿಗೂ ಅಮೆರಿಕದ ಯಾಕಿಮಾ ಕಣಿವೆಯಿಂದ, ನ್ಯೂಜಿಲೆಂಡಿನಿಂದ ಗುಳಿಗೆಯ ರೂಪದಲ್ಲಿ, ಗಾಳಿಯಾಡದ ಬೆಳ್ಳಿಬಣ್ಣದ ಪೊಟ್ಟಣಗಳಲ್ಲಿ ಬೆಂಗಳೂರಿಗೆ ಬರುತ್ತದೆ. ಉತ್ತರ ಗೋಳದ ಸುಗ್ಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ. ದಕ್ಷಿಣ ಗೋಳದ್ದು ಫೆಬ್ರವರಿಯಿಂದ ಏಪ್ರಿಲ್. ಪಬ್ಬಿನಲ್ಲಿ ತೊಟ್ಟಿಗೆ ಬಂದ ದಿನವನ್ನು ಕೇಳುವವರು ಹಾಪ್ ಯಾವ ವರ್ಷದ ಬೆಳೆ ಎಂದೂ ಕೇಳಬಹುದು.